ಸಹಾಯ ಬೇಕು: ಪೆಸಾಖ್ ಕಥೆಯ ಹತ್ತನೇ ವಿಪತ್ತನ್ನು ಚಿಕ್ಕ ಮಕ್ಕಳಿಗೆ ಹೇಗೆ ಹೇಳೋದು?

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್. ಮುಂದಿನ ವಾರ ಏಳು ವರ್ಷದ ಮಕ್ಕಳಿಗೆ ಯಹೂದಿಗಳ ಪೆಸಾಖ್ ಹಬ್ಬದ ಪಾಠ ಇದೆ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಅವರ ಪೂರ್ವಜರು ಬಿಡುಗಡೆಯಾಗಿ ಹೊರಟ ಕಥೆಯನ್ನು ನೆನೆಯೋ ಹಬ್ಬ ಅದು.

ಹಬ್ಬದ ರಾತ್ರಿ ಆ ಕಥೆ ಹೇಳುತ್ತಾ ಮಾಡೋ ಸೇಡರ್ ಊಟದ ತಟ್ಟೆ ವಿವರಿಸೋದು ಕಷ್ಟ ಅಲ್ಲ. ಕಹಿ ಸೊಪ್ಪು ಈಜಿಪ್ಟಿನ ಗುಲಾಮಗಿರಿಯ ನೆನಪಿಗೆ, ಉಪ್ಪುನೀರು ಕಣ್ಣೀರಿಗೆ, ಖಾರೋಸೆತ್ ಅನ್ನೋ ಸಿಹಿ ಮಿಶ್ರಣ ಇಟ್ಟಿಗೆ ಕಟ್ಟಿದ ಗಾರೆಗೆ. ಮಾತ್ಸಾ ರೊಟ್ಟಿಯನ್ನಂತೂ ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಿ ಮುಗಿಸಬೇಕು. ಹೊರಟ ಆತುರದಲ್ಲಿ ಹಿಟ್ಟು ಉಬ್ಬೋಕೆ ಸಮಯವೇ ಇರಲಿಲ್ಲವಲ್ಲ! ಇದೆಲ್ಲ ಮಕ್ಕಳಿಗೆ ಖಂಡಿತ ಇಷ್ಟ ಆಗುತ್ತೆ.

ನಾನು ಸಿಕ್ಕಿಕೊಂಡಿರೋದು ಹತ್ತು ವಿಪತ್ತುಗಳ ಹತ್ತಿರ, ಅಂದರೆ ಗುಲಾಮರನ್ನು ಬಿಡಲಿ ಅಂತ ದೇವರು ಈಜಿಪ್ಟಿನ ಮೇಲೆ ಕಳಿಸಿದ ಅಂತ ಕಥೆ ಹೇಳೋ ಕಷ್ಟಗಳು. ಸೇಡರ್‌ನಲ್ಲಿ ಒಂದೊಂದರ ಹೆಸರು ಹೇಳುವಾಗಲೂ ಲೋಟದಿಂದ ಒಂದು ಹನಿ ದ್ರಾಕ್ಷಾರಸ ತೆಗೀತಾರೆ. ಈಜಿಪ್ಟಿನವರೂ ನೊಂದರು, ಹಾಗಾಗಿ ನಮ್ಮ ಸಂತೋಷದ ಲೋಟ ತುಂಬಿರಬಾರದು ಅಂತ ಇದಕ್ಕೆ ಅರ್ಥ ಹೇಳ್ತಾರೆ. ಇಡೀ ಹಬ್ಬದಲ್ಲಿ ನಾನು ಕಲಿಸಲೇಬೇಕು ಅಂದುಕೊಂಡಿರೋದು ಇದನ್ನೇ. ಆದರೆ ಹತ್ತನೆಯದು ಚೊಚ್ಚಲು ಮಕ್ಕಳ ಸಾವು. ನನ್ನ ಕ್ಲಾಸಲ್ಲಿ ಮನೆಗೆ ಮೊದಲ ಮಕ್ಕಳೇ ಜಾಸ್ತಿ.

ಮಕ್ಕಳ ಪುಸ್ತಕ ನೋಡಿದೆ, ಕಪ್ಪೆ, ಮಿಡತೆಗಳಂಥ ವಿಪತ್ತುಗಳನ್ನು ತೋರಿಸಿ ಮುಂದೆ ಹೋಗುತ್ತೆ. ಸಹೋದ್ಯೋಗಿಗಳು "ಬಿಟ್ಟುಬಿಡಿ" ಅಂದರು. ಹತ್ತಿರದ ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಮೇಲ್ ಹಾಕಿದ್ದೀನಿ, ಉತ್ತರ ಬಂದಿಲ್ಲ. ಬಿಟ್ಟರೆ ಆ ಹನಿಗಳಿಗೆ ಅರ್ಥವೇ ಉಳಿಯಲ್ಲ. ಹೇಳಿದರೆ ಮಕ್ಕಳು ಹೆದರಿಬಿಟ್ಟರೆ?

ಈ ವಯಸ್ಸಿನವರಿಗೆ ಇದನ್ನು ಕಲಿಸಿದವರು, ಯಹೂದಿ ಸ್ನೇಹಿತರ ಮನೆಯ ಸೇಡರ್‌ಗೆ ಹೋದವರು ಇಲ್ಲಿ ಇದ್ದೀರಾ? ಹತ್ತನೇ ವಿಪತ್ತನ್ನು ಪುಟ್ಟ ಮಕ್ಕಳ ಮುಂದೆ ಅವರು ಯಾವ ಮಾತಲ್ಲಿ ಹೇಳ್ತಾರೆ? ಮತ್ತೆ, ಕ್ಲಾಸಲ್ಲಿ ದ್ರಾಕ್ಷಿ ಜ್ಯೂಸ್ ಇಟ್ಟು ಮಕ್ಕಳ ಕೈಯಲ್ಲೇ ಹನಿ ತೆಗೆಸಬಹುದಾ, ಅಥವಾ ನಾನು ಮಾಡಿ ತೋರಿಸಿದರೆ ಸಾಕಾ?