ಚಡಾವಿನಲ್ಲಿ ಟ್ರಾಲಿ ಎಳೆಯಲು ಹಿಚ್ (ಟ್ರ್ಯಾಕ್ಟರಿಗೆ ಟ್ರಾಲಿ ಸಿಕ್ಕಿಸುವ ಕೊಂಡಿ) ಎಷ್ಟು ಎತ್ತರಕ್ಕಿರಬೇಕು? ಅನುಭವ ಇದ್ದವರು ಹೇಳಿ

ಹೊಸನಗರದ ತೋಟದವ: ಮಿನಿ ಟ್ರ್ಯಾಕ್ಟರ್, ಎರಡು ಚಕ್ರದ ಟ್ರಾಲಿ. ಗೊಬ್ಬರ ತುಂಬಿ ಚಡಾವು ಹತ್ತಿಸಿದರೆ ಮುಂದಿನ ಚಕ್ರ ಹಗುರಾಗುತ್ತದೆ. ಹಿಚ್ ಪಟ್ಟಿಯಲ್ಲಿ ಮೂರು ತೂತಿವೆ, ಈಗ ಮೇಲಿನದಕ್ಕೆ ಹಾಕಿದ್ದೇನೆ. ಬದಲಿಸಲಾ?

ತೀರ್ಥಹಳ್ಳಿ ಕಡೆಯವ: ಕೆಳಗಿನ ತೂತು, ಮಾತೇ ಇಲ್ಲ. ಎಳೆತ ಹಿಂದಿನ ಆಕ್ಸಲ್‌ಗಿಂತ ಮೇಲೆ ಹೋದರೆ ಟ್ರ್ಯಾಕ್ಟರ್ ಮುಖ ಎತ್ತುತ್ತದೆ. ನಮಗೆ ಒಬ್ಬ ವೆಲ್ಡರ್ ಎತ್ತರಕ್ಕೆ ಪಟ್ಟಿ ಬೆಸೆದುಕೊಟ್ಟ, 2,800 ತಗೊಂಡ. ಒಂದು ಮಳೆಗಾಲಕ್ಕೇ ಬೆಸುಗೆಯ ಪಕ್ಕ ಕೂದಲೆಳೆಯಷ್ಟು ಬಿರುಕು. ಅದನ್ನು ಕೊಯ್ದು ತೆಗೆಯಲು 600, ಕಂಪನಿ ಪಟ್ಟಿಗೆ 4,200, ಪಿನ್‌ಗೆ 350. ಅಷ್ಟರಲ್ಲಿ ಟ್ರಾಲಿ ಮೂಕಿಯ ತುದಿಯಲ್ಲಿ ಪಿನ್ ಕೂರುವ ಬಳೆಯೂ ಸವೆದಿತ್ತು, ಅದಕ್ಕೆ ಬೇರೆ 900. ಕೊಯ್ಲಿನ ಹೊತ್ತಿಗೆ ಗಾಡಿ ಶೆಡ್ಡಿನಲ್ಲಿ.

ಸಾಗರದ ಅಡಿಕೆಯವ: ಕೆಳಗೆ ಅಂದರೆ ಸಾಕಾ? ತೀರಾ ಕೆಳಗೆ ಹಾಕಿದರೆ ಟ್ರಾಲಿ ಮುಂದಕ್ಕೆ ಬಾಗಿ ಭಾರವೆಲ್ಲ ಹಿಚ್ ಮೇಲೆ ಬೀಳುತ್ತದೆ. ಆಗಲೂ ಟ್ರ್ಯಾಕ್ಟರ್ ಮುಖ ಎತ್ತುತ್ತದೆ. ನಾನು ನಡುವಿನ ತೂತಿಗೆ ಹಾಕಿ, ಟ್ರಾಲಿ ಮಟ್ಟಸ ಮಾಡಿ, ಟ್ರ್ಯಾಕ್ಟರ್ ಮುಂದೆ ಕಬ್ಬಿಣದ ತೂಕ ಹಾಕಿಸಿದೆ. ಅವತ್ತಿನಿಂದ ಸ್ಟೇರಿಂಗ್ ಕೈಗೆ ಸಿಗುತ್ತದೆ.

ತೀರ್ಥಹಳ್ಳಿ ಕಡೆಯವ: ಮಟ್ಟದ ರಸ್ತೆಯವರ ಮಾತು ಇದು.

ಸಾಗರದ ಅಡಿಕೆಯವ: ನಮ್ಮದೂ ಗುಡ್ಡದ ತೋಟವೇ ಮಾರಾಯ್ರೇ. ನೋಡದೆ ಸುಮ್ನೆ ಹೇಳಬೇಡಿ.

ಕೊಪ್ಪದವಳು: ಎಲ್ಲರೂ ಹತ್ತುವುದನ್ನೇ ಹೇಳುತ್ತಿದ್ದೀರಿ. ಇಳಿಯುವಾಗ ಬ್ರೇಕ್ ಇಲ್ಲದ ಟ್ರಾಲಿ ಹಿಂದಿನಿಂದ ನೂಕುತ್ತದೆ, ಅಲ್ವಾ? ನಮ್ಮ ಭಾವ ಪಿನ್‌ಗೆ ಕ್ಲಿಪ್ ಬದಲು ತಂತಿ ಸುತ್ತಿದ್ದರು. ತಂತಿ ತುಂಡಾಗಿ, ಕುಲುಕಿಗೆ ಪಿನ್ ಮೇಲೆದ್ದು, ಟ್ರಾಲಿ ಸೀದಾ ಹಳ್ಳಕ್ಕೆ. ಕ್ರೇನ್‌ಗೆ 6,000 ಹೋಯಿತು. ಒಂದು ಕ್ಲಿಪ್‌ಗೆ ಎಷ್ಟಾಗುತ್ತಿತ್ತು? ಟ್ರ್ಯಾಕ್ಟರಿನ ಎಡ, ಬಲ ಚಕ್ರದ ಎರಡೂ ಬ್ರೇಕ್ ಪೆಡಲ್ ಕೊಂಡಿ ಹಾಕಿ ಸೇರಿಸಿ. ಮೇಲೇ ಲೋ ಗೇರ್ ಹಾಕಿ ಇಳಿಯಿರಿ, ನಡುವೆ ಕ್ಲಚ್ ಒತ್ತಬೇಡಿ.

ರಿಪ್ಪನ್‌ಪೇಟೆಯವ: ನಾಲ್ಕು ಚಕ್ರದ ಟ್ರಾಲಿ ತಗೊಳ್ಳಿ. ಹಿಚ್ ಮೇಲೆ ಭಾರವೇ ಬೀಳುವುದಿಲ್ಲ. ನಾನು ಬದಲಿಸಿ ಆರಾಮಾಗಿದ್ದೇನೆ.

ಸಾಗರದ ಅಡಿಕೆಯವ: ಅದನ್ನು ತೋಟದ ಓಣಿಯಲ್ಲಿ ರಿವರ್ಸ್ ಹಾಕಿ ತೋರಿಸಿ! ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ಭಾರ ಇಲ್ಲದಿದ್ದರೆ ಮಳೆಯಲ್ಲಿ ಕೆಂಪುಮಣ್ಣಿನ ಚಡಾವು ಹತ್ತುತ್ತದಾ? ಅಲ್ಲೇ ಜಾರುತ್ತದೆ.

ರಿಪ್ಪನ್‌ಪೇಟೆಯವ: ಭಾರಕ್ಕೆ ಅಂತ ಆ ಟೈರಿಗೆ ನೀರು ತುಂಬಿಸಿದ್ದೇನೆ. ಜಾರಿಲ್ಲ.

ತೀರ್ಥಹಳ್ಳಿ ಕಡೆಯವ: ಟೈರಿಗೆ ನೀರಾ? ನಮ್ಮಲ್ಲಿ ಹಾಗೆ ಮಾಡಿ ರಿಮ್ ತುಕ್ಕು ಹಿಡಿದು ತೂತಾಯಿತು. ಹೊಸ ರಿಮ್ ರೇಟು ಕೇಳಿದ್ದೀರಾ?

ಹೊಸನಗರದ ತೋಟದವ: ನನ್ನದು ನಡುವಿನ ತೂತಿಗಾ, ಕೆಳಗಿನದಕ್ಕಾ?

ರಿಪ್ಪನ್‌ಪೇಟೆಯವ: ನಿಮ್ಮ ರಿಮ್ ಹಳೇದಿರಬೇಕು. ನನ್ನದರಲ್ಲಿ ತುಕ್ಕಿನ ಚುಕ್ಕೆಯೂ ಇಲ್ಲ, ಬೇಕಾದರೆ ಬಂದು ನೋಡಿ.