ಎರಡೂವರೆ ಎಕರೆ ಹುಲ್ಲುಹಾಸಿಗೆ ವಾಣಿಜ್ಯ ದರ್ಜೆಯ ಝೀರೋ-ಟರ್ನ್ ಮೂವರ್ ಅಗತ್ಯವೇ?

ಹಸಿರಂಗಳ:
ಮನೆಯ ಸುತ್ತ ಸುಮಾರು ಎರಡೂವರೆ ಎಕರೆ ಹುಲ್ಲುಹಾಸು ಇದೆ. ನಡುನಡುವೆ ಇಪ್ಪತ್ತಕ್ಕೂ ಹೆಚ್ಚು ಮರಗಳಿವೆ, ಒಂದು ಬದಿಯಲ್ಲಿ ಕೊಳದ ಕಡೆಗೆ ಇಳಿಯುವ ಜಾಗವೂ ಇದೆ. ಈಗ ಬಳಸುತ್ತಿರುವ ಸ್ಟಿಯರಿಂಗ್ ಇರುವ ಲಾನ್ ಟ್ರ್ಯಾಕ್ಟರ್‌ನಲ್ಲಿ ಪ್ರತಿ ಮರದ ಬುಡಕ್ಕೂ ಹಿಂದೆ ಮುಂದೆ ಮಾಡುವುದರಲ್ಲೇ ಅರ್ಧ ಸಮಯ ಕಳೆಯುತ್ತದೆ. ಆದ್ದರಿಂದ ನಿಂತಲ್ಲೇ ತಿರುಗಬಲ್ಲ ಝೀರೋ-ಟರ್ನ್ ಹುಲ್ಲು ಕತ್ತರಿಸುವ ಯಂತ್ರ ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಮನೆಬಳಕೆಯ ಮಾದರಿ ಸಾಕೇ, ಅಥವಾ ದುಬಾರಿಯಾದರೂ ಗುತ್ತಿಗೆದಾರರು ಬಳಸುವ ವಾಣಿಜ್ಯ ದರ್ಜೆಯ ಯಂತ್ರವನ್ನೇ ಕೊಳ್ಳಬೇಕೇ ಎಂಬುದು ನನ್ನ ಪ್ರಶ್ನೆ. ಮಾರಾಟಗಾರರು ಎಂಜಿನ್‌ನ ಅಶ್ವಶಕ್ತಿಯನ್ನು ಬಿಟ್ಟು ಬೇರೆ ಮಾತನ್ನೇ ಆಡುತ್ತಿಲ್ಲ.

ಯಂತ್ರಕರ್ಮಿ:
ಅಶ್ವಶಕ್ತಿಯ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ಈ ಯಂತ್ರಗಳಲ್ಲಿ ಎರಡು ಹಿಂಚಕ್ರಗಳಿಗೂ ಪ್ರತ್ಯೇಕ ಹೈಡ್ರೋಸ್ಟ್ಯಾಟಿಕ್ (ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ) ಪಂಪು ಮತ್ತು ಮೋಟಾರುಗಳಿರುತ್ತವೆ. ತಿರುವು, ವೇಗ, ಬ್ರೇಕ್ ಎಲ್ಲವೂ ಅವುಗಳ ಮೂಲಕವೇ ಆಗಬೇಕು. ಆದ್ದರಿಂದ ಯಂತ್ರದ ಆಯುಷ್ಯವನ್ನು ಎಂಜಿನ್‌ಗಿಂತ ಹೆಚ್ಚಾಗಿ ಟ್ರಾನ್ಸ್‌ಮಿಷನ್, ಅಂದರೆ ಈ ಪಂಪು-ಮೋಟಾರುಗಳ ಜೋಡಿ, ನಿರ್ಧರಿಸುತ್ತದೆ. ಅಗ್ಗದ ಮಾದರಿಗಳಲ್ಲಿ ಬರುವ ಹೈಡ್ರೋ-ಗೇರ್ ಇಝಡ್‌ಟಿ ಘಟಕಕ್ಕೆ ಹೊರಗಿನಿಂದ ಬದಲಿಸಬಹುದಾದ ಫಿಲ್ಟರ್ ಇಲ್ಲ. ಅದೇ ಸಂಸ್ಥೆಯ ಝಡ್‌ಟಿ-3100 ಅಥವಾ ಝಡ್‌ಟಿ-3400 ಘಟಕಗಳಲ್ಲಿ ಫಿಲ್ಟರ್ ಇದೆ. ಮೊದಲ 75 ಗಂಟೆಗೆ ಒಮ್ಮೆ, ಅನಂತರ 400 ಗಂಟೆಗೊಮ್ಮೆ ಅವುಗಳ ಎಣ್ಣೆ ಮತ್ತು ಫಿಲ್ಟರ್ ಬದಲಿಸುತ್ತಾ ಹೋದರೆ ವರ್ಷಗಟ್ಟಲೆ ನಿಶ್ಚಿಂತೆಯಿಂದ ಇರಬಹುದು. ಇಳಿಜಾರನ್ನು ಏರುವಾಗ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ತೆಳುವಾದ ಎಣ್ಣೆ ಒಳಗಿನ ಭಾಗಗಳನ್ನು ಸವೆಸುತ್ತದೆ. ನಿಮ್ಮಲ್ಲಿ ಇಳಿಜಾರು ಇರುವುದರಿಂದ ಈ ಮಾತಿಗೆ ಇನ್ನಷ್ಟು ತೂಕವಿದೆ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ವಾಣಿಜ್ಯ ದರ್ಜೆಯದನ್ನೇ ಕೊಳ್ಳಿ.

ಮಣ್ಣುಪ್ರೀತಿ:
ಯಂತ್ರಕರ್ಮಿ ಅವರು ಹೇಳಿದ್ದು ಯಂತ್ರದ ದೃಷ್ಟಿಯಿಂದ ಸರಿ, ಆದರೆ ಹುಲ್ಲಿನ ದೃಷ್ಟಿಯಿಂದಲೂ ಒಮ್ಮೆ ನೋಡಬೇಕು. ವಾರಕ್ಕೆ ಒಂದೂಕಾಲು ಗಂಟೆಯಂತೆ ಹುಲ್ಲು ಬೆಳೆಯುವ ತಿಂಗಳುಗಳಲ್ಲೆಲ್ಲ ಕತ್ತರಿಸಿದರೂ ವರ್ಷಕ್ಕೆ 40–50 ಗಂಟೆ ದಾಟುವುದಿಲ್ಲ. ದಿನಕ್ಕೆ ಆರೇಳು ಗಂಟೆ ದುಡಿಯುವ ಗುತ್ತಿಗೆದಾರರ ಯಂತ್ರಕ್ಕೆ ಅದು ಒಂದು ವಾರದ ಕೆಲಸ. ಇಷ್ಟು ಕಡಿಮೆ ಬಳಕೆಯ ಯಂತ್ರ ಗಂಟೆಗಳ ಲೆಕ್ಕದಲ್ಲಿ ಸವೆಯುವುದಕ್ಕಿಂತ ಮೊದಲು ವರ್ಷಗಳ ಲೆಕ್ಕದಲ್ಲಿ ಹಳತಾಗುತ್ತದೆ. ಬೆಲ್ಟು ಬಿರಿಯುತ್ತದೆ, ಬ್ಯಾಟರಿ ಸಾಯುತ್ತದೆ, ತಿಂಗಳುಗಟ್ಟಲೆ ನಿಂತ ಪೆಟ್ರೋಲು ಕಾರ್ಬುರೇಟರ್‌ನಲ್ಲಿ ಅಂಟಾಗುತ್ತದೆ. ಈ ವಿಷಯದಲ್ಲಿ ದುಬಾರಿ ಯಂತ್ರಕ್ಕೆ ಯಾವ ವಿನಾಯಿತಿಯೂ ಇಲ್ಲ.

ಎರಡನೆಯದು ಭಾರ. ಮನೆಬಳಕೆಯ ಮಾದರಿ ಸಾಮಾನ್ಯವಾಗಿ 300 ಕಿಲೋ ಆಸುಪಾಸಿನಲ್ಲಿದ್ದರೆ, ವಾಣಿಜ್ಯ ದರ್ಜೆಯ ಹಲವು ಯಂತ್ರಗಳು 500 ಕಿಲೋ ದಾಟುತ್ತವೆ. ಮಳೆ ಬಿದ್ದು ಮೆತ್ತಗಾದ ನೆಲದಲ್ಲಿ ಪ್ರತಿ ವಾರ ಒಂದೇ ಜಾಡಿನಲ್ಲಿ ಅಷ್ಟು ಭಾರ ಉರುಳಿದರೆ ಮಣ್ಣು ಗಟ್ಟಿಯಾಗುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಮರಗಳ ಸುತ್ತ ತಿರುಗುವಾಗ ಒಂದು ಚಕ್ರವನ್ನು ಪೂರ್ತಿ ನಿಲ್ಲಿಸಿ ಇನ್ನೊಂದನ್ನು ಓಡಿಸುವವರನ್ನು ಗಮನಿಸಿ: ನಿಂತ ಚಕ್ರದ ಕೆಳಗಿನ ಹುಲ್ಲು ಬೇರುಸಮೇತ ಹೊಸೆದುಹೋಗಿ, ಅಂಗೈಯಗಲದ ಬೋಳು ಮಣ್ಣು ಉಳಿದಿರುತ್ತದೆ. ಎರಡೂ ಚಕ್ರಗಳು ಸದಾ ಸ್ವಲ್ಪವಾದರೂ ಉರುಳುತ್ತಿರುವಂತೆ ತಿರುಗಿಸಿದರೆ, ಅಥವಾ ಒಮ್ಮೆ ಹಿಂದೆ ಬಂದು ಮೂರು ಹಂತದಲ್ಲಿ ತಿರುಗಿದರೆ ಇದನ್ನು ತಪ್ಪಿಸಬಹುದು. ಆದರೆ ಯಂತ್ರ ಭಾರವಾದಷ್ಟೂ ಕೈ ನುರಿತಿರಬೇಕು.

ಯಂತ್ರಕರ್ಮಿ:
ಗಂಟೆಗಳ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ವಾಣಿಜ್ಯ ದರ್ಜೆ ಎಂದರೆ ಬರೀ ಹೆಚ್ಚು ಗಂಟೆ ಬಾಳುವುದಲ್ಲ, ಕೆಟ್ಟಾಗ ರಿಪೇರಿ ಮಾಡಿಕೊಳ್ಳಬಹುದು ಎನ್ನುವುದೂ ಹೌದು. ಮಡಚಿ ಒತ್ತಿದ ತೆಳು ತಗಡಿನ ಡೆಕ್ (ಬ್ಲೇಡುಗಳನ್ನು ಮುಚ್ಚಿರುವ ಕವಚ) ಒಮ್ಮೆ ಬೇರಿಗೋ ಕಲ್ಲಿಗೋ ಬಡಿದು ಬಾಗಿದರೆ ಮತ್ತೆ ಸಮನಾಗಿ ಕತ್ತರಿಸುವುದು ಕಷ್ಟ. ದಪ್ಪ ತಗಡನ್ನು ಬೆಸೆದು ಮಾಡಿದ ಡೆಕ್ ಅಂಥ ಪೆಟ್ಟನ್ನು ತಡೆದುಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಗೇಜ್ ಸಂಖ್ಯೆ ಇಳಿದಷ್ಟೂ ತಗಡು ದಪ್ಪ. 10 ಗೇಜ್ ಉಕ್ಕು ಸುಮಾರು 3.4 ಮಿಲಿಮೀಟರ್ ಇದ್ದರೆ, 7 ಗೇಜ್ ಉಕ್ಕು ಸುಮಾರು 4.5 ಮಿಲಿಮೀಟರ್ ಇರುತ್ತದೆ. ಬ್ಲೇಡನ್ನು ಹೊತ್ತು ತಿರುಗುವ ಅಚ್ಚಾದ ಸ್ಪಿಂಡಲ್‌ಗೆ ಗ್ರೀಸ್ ಹಾಕುವ ನಿಪ್ಪಲ್ ಇದೆಯೇ, ಬೇರಿಂಗ್ ಮಾತ್ರ ಬದಲಿಸಬಹುದೇ, ಇಡೀ ಸ್ಪಿಂಡಲ್ಲನ್ನೇ ಎಸೆಯಬೇಕೇ ಎಂಬುದನ್ನು ಕೊಳ್ಳುವ ಮೊದಲೇ ಬಗ್ಗಿ ನೋಡಿ ತಿಳಿದುಕೊಳ್ಳಿ.

ಇಳಿಜಾರು:
ಇಬ್ಬರೂ ಯಂತ್ರದ ಆಯುಷ್ಯವನ್ನು ಚರ್ಚಿಸುತ್ತಿದ್ದೀರಿ. ಸವಾರನ ಆಯುಷ್ಯದ ಬಗ್ಗೆ ನಾನು ಹೇಳಬೇಕಾಗಿದೆ. "ಕೊಳದ ಕಡೆಗೆ ಇಳಿಯುವ ಜಾಗ" ಎಂದು ಹಸಿರಂಗಳ ಅವರು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದಾರೆ, ಆದರೆ ಇಡೀ ಪ್ರಶ್ನೆಯಲ್ಲಿ ಅತಿ ಮುಖ್ಯವಾದ ಸಾಲು ಅದೇ. ಝೀರೋ-ಟರ್ನ್‌ನ ಮುಂದಿನ ಚಕ್ರಗಳು ಬಿಡಿಯಾಗಿ ತಿರುಗುವ ಪುಟ್ಟ ಚಕ್ರಗಳಷ್ಟೆ. ಅವುಗಳಿಗೆ ದಿಕ್ಕು ಬದಲಿಸುವ ಶಕ್ತಿಯೂ ಇಲ್ಲ, ಬ್ರೇಕೂ ಇಲ್ಲ. ಒದ್ದೆ ಹುಲ್ಲಿನ ಮೇಲೆ ಹಿಂಚಕ್ರಗಳು ಹಿಡಿತ ಕಳೆದುಕೊಂಡ ಕ್ಷಣದಲ್ಲಿ ವೇಗದ ಜೊತೆಗೆ ದಿಕ್ಕಿನ ಹಿಡಿತವೂ ತಪ್ಪಿಹೋಗುತ್ತದೆ, ಹಿಂಚಕ್ರಗಳನ್ನು ನಿಯಂತ್ರಿಸುವ ಲಿವರ್‌ಗಳನ್ನು ಎಷ್ಟು ಎಳೆದರೂ ಯಂತ್ರ ಕೆಳಕ್ಕೆ ಜಾರುತ್ತದೆ. ಕೆಳಗೆ ನೀರಿದ್ದರೆ ಪರಿಣಾಮವನ್ನು ಹೇಳಬೇಕಾಗಿಲ್ಲ.

ಹೆಚ್ಚಿನ ತಯಾರಕರು 15 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಈ ಯಂತ್ರವನ್ನು ಓಡಿಸಬಾರದೆಂದು ಕೈಪಿಡಿಯಲ್ಲೇ ಬರೆದಿರುತ್ತಾರೆ. ಅಳೆಯುವುದು ಸುಲಭ. ಒಂದು ಮೀಟರ್ ಉದ್ದದ ನೇರ ಹಲಗೆಯ ಒಂದು ತುದಿಯನ್ನು ಇಳಿಜಾರಿನ ಮೇಲ್ಭಾಗದಲ್ಲಿ ನೆಲಕ್ಕೆ ಊರಿ, ಮೇಲೆ ರಸಮಟ್ಟ ಇಟ್ಟು ಹಲಗೆಯನ್ನು ಸಮಮಟ್ಟಕ್ಕೆ ತನ್ನಿ. ಇನ್ನೊಂದು ತುದಿಯಿಂದ ನೆಲಕ್ಕೆ ನೇರವಾಗಿ 27 ಸೆಂಟಿಮೀಟರ್ ಇದ್ದರೆ ಅದೇ 15 ಡಿಗ್ರಿ. ಜೊತೆಗೆ, ಮಗುಚಿದಾಗ ಕಾಯುವ ರೋಲ್ ಬಾರ್ ಇರುವ ಯಂತ್ರವನ್ನೇ ಆರಿಸಿ. ಅದು ಎತ್ತಿ ನಿಂತಿರುವಾಗ ಸೀಟ್ ಬೆಲ್ಟ್ ತಪ್ಪದೆ ಕಟ್ಟಿಕೊಳ್ಳಬೇಕು. ಮರದ ಕೊಂಬೆಗೆ ತಾಗುತ್ತದೆಂದು ಮಡಚಿದ್ದರೆ ಬೆಲ್ಟ್ ಕಟ್ಟಿಕೊಳ್ಳಬಾರದು.

ಹಸಿರಂಗಳ:
ಇಳಿಜಾರು ಅವರಿಗೆ ಧನ್ಯವಾದಗಳು. ಹಲಗೆ ಮತ್ತು ರಸಮಟ್ಟ ಹಿಡಿದು ಹಲವು ಕಡೆ ಅಳೆದೆ. ಹೆಚ್ಚಿನ ಭಾಗದಲ್ಲಿ 12ರಿಂದ 18 ಸೆಂಟಿಮೀಟರ್ ಬಂತು, ಆದರೆ ಕೊಳದ ಅಂಚಿನ ಪಟ್ಟಿಯಲ್ಲಿ 31 ಬಂತು. ಆ ಪಟ್ಟಿಯಲ್ಲಿ ಝೀರೋ-ಟರ್ನ್ ಓಡಿಸುವುದಿಲ್ಲ. ಇನ್ನೊಂದು ಪ್ರಶ್ನೆ: ಡೆಕ್ 52 ಇಂಚಿನದು ಸಾಕೇ, 60 ಇಂಚಿನದು ಬೇಕೇ?

ಮಣ್ಣುಪ್ರೀತಿ:
ಆ ಪಟ್ಟಿಯಲ್ಲಿ ಹುಲ್ಲನ್ನೇ ಬಿಟ್ಟು, ಕತ್ತರಿಸುವ ಅಗತ್ಯವಿಲ್ಲದ ನೆಲಹೊದಿಕೆಯ ಗಿಡಗಳನ್ನು ಬೆಳೆಸಿದರೆ ಮಣ್ಣು ಕೊಳಕ್ಕೆ ಕೊಚ್ಚಿಹೋಗುವುದೂ ತಪ್ಪುತ್ತದೆ.

ಡೆಕ್ ಅಗಲದ ಲೆಕ್ಕ ಹೀಗಿದೆ. 52 ಇಂಚು ಎಂದರೆ 1.32 ಮೀಟರ್. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹೋಗಿ, ತಿರುವು ಮತ್ತು ಒಂದರ ಮೇಲೊಂದು ಬರುವ ಸಾಲುಗಳಿಗಾಗಿ ಐದನೇ ಒಂದು ಭಾಗ ಕಳೆದರೆ ಎರಡೂವರೆ ಎಕರೆಗೆ ಸುಮಾರು 72 ನಿಮಿಷ ಹಿಡಿಯುತ್ತದೆ. 60 ಇಂಚಿನ ಡೆಕ್ಕಿನಲ್ಲಿ 62 ನಿಮಿಷ. ಉಳಿಯುವುದು ಹತ್ತು ನಿಮಿಷ, ಅದೂ ಬಯಲಿನಲ್ಲಿ. ನೆಲ ಏರುಪೇರಾಗಿದ್ದರೆ ಅಗಲವಾದ ಡೆಕ್ ದಿಬ್ಬಗಳ ನೆತ್ತಿಯನ್ನು ಕೆರೆದುಹಾಕುತ್ತದೆ. ಮರಗಳ ನಡುವಿನ ಅತಿ ಕಿರಿದಾದ ಸಂದನ್ನೂ ಗೇಟನ್ನೂ ಅಳೆಯಿರಿ, ಹುಲ್ಲು ಹೊರಚೆಲ್ಲುವ ಬಾಯಿ ಡೆಕ್ಕಿಗಿಂತ ಇನ್ನೂ ಆಚೆಗೆ ಚಾಚಿರುತ್ತದೆ ಎಂಬುದನ್ನು ಮರೆಯದೆ. ನನ್ನ ಆಯ್ಕೆ 52.

ಕೈಬದಲು:
ನಡುವಿನ ದಾರಿಯೊಂದಿದೆ. ಒಬ್ಬರೇ ಯಜಮಾನರ ಕೈಯಲ್ಲಿದ್ದ, ನಿರ್ವಹಣೆಯ ದಾಖಲೆ ಇರುವ ಹಳೆಯ ವಾಣಿಜ್ಯ ಯಂತ್ರ ಸಿಕ್ಕರೆ, ಹೊಸ ಮನೆಬಳಕೆಯ ಮಾದರಿಯ ಬೆಲೆಯಲ್ಲಿ ಗಟ್ಟಿ ಡೆಕ್ಕೂ ಫಿಲ್ಟರ್ ಇರುವ ಟ್ರಾನ್ಸ್‌ಮಿಷನ್ನೂ ದೊರೆಯಬಹುದು. ಗಂಟೆಮಾಪಕದಲ್ಲಿ 600 ಗಂಟೆ ಇದ್ದರೂ, ವರ್ಷಕ್ಕೆ 50 ಗಂಟೆ ಓಡಿಸುವವರಿಗೆ ಅದು ದೊಡ್ಡ ಸಂಖ್ಯೆಯಲ್ಲ. ಬ್ಯಾಟರಿಯಿಂದ ಓಡುವ ಝೀರೋ-ಟರ್ನ್‌ಗಳೂ ಬಂದಿವೆ. ಸದ್ದು ಕಡಿಮೆ, ಪೆಟ್ರೋಲ್ ಕೆಡುವ ತಲೆನೋವಿಲ್ಲ. ಆದರೆ ಒಂದೇ ಚಾರ್ಜಿನಲ್ಲಿ ಎರಡೂವರೆ ಎಕರೆ ಮುಗಿಯುವ ಮಾದರಿಯನ್ನೇ ಆರಿಸಬೇಕು.

ಯಂತ್ರಕರ್ಮಿ:
ಕೈಬದಲು ಅವರ ಸಲಹೆ ನನಗೂ ಒಪ್ಪಿಗೆ, ಒಂದು ಷರತ್ತಿನೊಂದಿಗೆ. ಹಳೆಯ ಯಂತ್ರವನ್ನು ತಣ್ಣಗಿರುವಾಗ ಐದು ನಿಮಿಷ ಓಡಿಸಿ ಮುಂಗಡ ಕೊಟ್ಟುಬಿಡಬೇಡಿ. ಸವೆದ ಪಂಪು ತಣ್ಣನೆಯ, ದಪ್ಪಗಿನ ಎಣ್ಣೆಯಲ್ಲಿ ಹೊಸದರಂತೆಯೇ ನಡೆಯುತ್ತದೆ. ಅರ್ಧ ಗಂಟೆ ಹುಲ್ಲು ಕತ್ತರಿಸಿ ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ, ಸುರಕ್ಷಿತವಾದ ಸಣ್ಣ ಏರನ್ನು ನೇರವಾಗಿ ಹತ್ತಿಸಿ. ಒಂದು ಬದಿಯ ಚಕ್ರ ಸೋತು ಯಂತ್ರ ಆ ಕಡೆಗೆ ವಾಲಿಕೊಂಡು ಹೋದರೆ, ಅಥವಾ ಮೊದಲಿಲ್ಲದ ಕೀರಲು ಸದ್ದು ಬಂದರೆ, ಟೈರುಗಳಲ್ಲಿ ಗಾಳಿ ಸಮನಾಗಿದೆಯೇ ಎಂದು ಮೊದಲು ನೋಡಿ. ಗಾಳಿ ಸರಿಯಾಗಿದ್ದೂ ಯಂತ್ರ ಎಳೆಯುತ್ತಿದ್ದರೆ ಲಿವರ್‌ಗಳ ಹೊಂದಾಣಿಕೆಯನ್ನು ಸರಿಪಡಿಸಿ ಮತ್ತೊಮ್ಮೆ ಹತ್ತಿಸಿ ಎಂದು ಮಾರುವವರನ್ನು ಕೇಳಿ. ಆಗಲೂ ಹಾಗೆಯೇ ಆದರೆ ಆ ಯಂತ್ರ ಬೇಡ.