ವಿಷಯ: ‘ಭೂಕಂಪಮಾಪಕ’ವೋ, ‘ಭೂಕಂಪಲೇಖಿ’ಯೋ?

ಪುಣೆಯಿಂದ:

ಮಾನ್ಯರೇ, ಇಲ್ಲಿನ ಕನ್ನಡ ಮಕ್ಕಳ ವಿಜ್ಞಾನ ಪ್ರದರ್ಶನಕ್ಕಾಗಿ ಮಹಾರಾಷ್ಟ್ರದ ಕೊಯ್ನಾ ಭೂಕಂಪದ ಕುರಿತ ಮರಾಠಿ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಿಸ್ಮೋಗ್ರಾಫ್, ಸಿಸ್ಮೋಗ್ರಾಮ್ ಎರಡಕ್ಕೂ ‘ಭೂಕಂಪಮಾಪಕ’ ಎಂದೇ ಬರೆಯಬಹುದೇ? ಮ್ಯಾಗ್ನಿಟ್ಯೂಡ್‌ಗೆ ಪತ್ರಿಕೆಗಳಂತೆ ‘ತೀವ್ರತೆ’ ಎಂದರೆ ಸಾಲದೇ? ನಾಳೆ ಸಂಜೆ ಫಲಕ ಅಚ್ಚಿಗೆ ಹೋಗುತ್ತದೆ.

ಮುಂಬಯಿಯಿಂದ:

ಸಾಲದು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾನಗರ, ಪುಣೆ, ಮುಂಬಯಿಗಳನ್ನು ನಡುಗಿಸಿದ್ದು ಒಂದೇ ಭೂಕಂಪ. ಅದರ ಪರಿಮಾಣವೂ (ಮ್ಯಾಗ್ನಿಟ್ಯೂಡ್) ಒಂದೇ, 6ನ್ನು ಮೀರಿದ್ದು. ಆದರೆ ಕೊಯ್ನಾನಗರದಲ್ಲಿ ಮನೆಗಳು ಕುಸಿದವು, ಮುಂಬಯಿಯಲ್ಲಿ ಜನ ಬೆಚ್ಚಿ ಎದ್ದರು. ಹೀಗೆ ಊರಿಂದೂರಿಗೆ ಬದಲಾಗುವ ಪರಿಣಾಮವೇ ತೀವ್ರತೆ. ಅದನ್ನು ಮರ್ಕಾಲಿ ಮಾನದಲ್ಲಿ 1ರಿಂದ 12ರವರೆಗೆ, ರೋಮನ್ ಅಂಕಿಗಳಲ್ಲಿ ಬರೆಯುವುದು ವಾಡಿಕೆ. ಅಮೆರಿಕದ ಭೂಕಂಪತಜ್ಞ ರಿಕ್ಟರ್ 1935ರಲ್ಲಿ ಕೊಟ್ಟದ್ದು ಪರಿಮಾಣದ ಲೆಕ್ಕ: ಒಂದು ಅಂಕಿ ಏರಿದರೆ ದಾಖಲಾದ ಅಲೆಯ ಎತ್ತರ 10 ಪಟ್ಟು, ಬಿಡುಗಡೆಯಾದ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ‘ರಿಕ್ಟರ್ ಮಾಪಕದಲ್ಲಿ ತೀವ್ರತೆ’ ಎಂಬ ಪ್ರಯೋಗ ತಪ್ಪು, ಎಷ್ಟೇ ರೂಢಿಯಾಗಿರಲಿ.

ಇನ್ನು ಉಪಕರಣದ ಮಾತು. ತೂಗುಬಿಟ್ಟ ಭಾರವು ಜಡತ್ವದಿಂದಾಗಿ ಇದ್ದಲ್ಲೇ ಇರಲು ನೋಡುತ್ತದೆ, ನೆಲಕ್ಕೆ ಬಿಗಿದ ಚೌಕಟ್ಟು ನೆಲದೊಂದಿಗೆ ಅಲುಗುತ್ತದೆ. ಇವೆರಡರ ನಡುವಿನ ಚಲನೆಯನ್ನು ಗ್ರಹಿಸುವ ಭಾಗವಷ್ಟೇ ಭೂಕಂಪಮಾಪಕ (ಸಿಸ್ಮೋಮೀಟರ್). ಆ ಚಲನೆಯನ್ನು ಹಿಂದೆ ಹೊಗೆಮಸಿ ಹಿಡಿಸಿದ ಕಾಗದದ ಮೇಲೆ, ಈಗ ಗಣಕದಲ್ಲಿ, ಕಾಲದ ಗುರುತಿನೊಂದಿಗೆ ದಾಖಲಿಸುವ ಇಡೀ ಯಂತ್ರ ಭೂಕಂಪಲೇಖಿ (ಸಿಸ್ಮೋಗ್ರಾಫ್). ಅದು ಬರೆದದ್ದು ಭೂಕಂಪಲೇಖ (ಸಿಸ್ಮೋಗ್ರಾಮ್). ಕೊನೆಯ ಇಕಾರದ ಈ ಭೇದವನ್ನು ನಾನು ಬಿಟ್ಟುಕೊಡಲಾರೆ, ಏಕೆಂದರೆ ಅರ್ಥ ಹೊರಡುವುದು ಲೇಖವನ್ನು ಓದಿದಾಗ: ಮೊದಲು ಮುಟ್ಟುವ ಪಿ ಅಲೆಗೂ ಹಿಂದಿನಿಂದ ಬರುವ ಎಸ್ ಅಲೆಗೂ ನಡುವಿನ ಪ್ರತಿ ಸೆಕೆಂಡಿಗೆ, ಸಮೀಪದ ಭೂಕಂಪಗಳಲ್ಲಿ, ಸುಮಾರು 8 ಕಿಲೋಮೀಟರ್ ದೂರವೆಂದು ಲೆಕ್ಕ ಹಾಕಿ, ಯಂತ್ರವಿರುವ ಕನಿಷ್ಠ ಮೂರು ಕೇಂದ್ರಗಳ ಸುತ್ತ ಆ ದೂರಕ್ಕೆ ಎಳೆದ ವೃತ್ತಗಳು ಕೂಡುವೆಡೆ ಅಧಿಕೇಂದ್ರವನ್ನು, ಅಂದರೆ ಭೂಕಂಪ ಹುಟ್ಟಿದ ತಾಣದ ನೇರ ಮೇಲಿನ ನೆಲವನ್ನು, ಗುರುತಿಸುತ್ತಾರೆ.

ಮಡಗಾಂವಿನಿಂದ:

ಓದುವವರು ಮಕ್ಕಳು. ‘ನೆಲನಡುಕ’ ಇರುವಾಗ ಸಂಸ್ಕೃತದ ‘ಭೂಕಂಪ’, ಅದರ ಮೇಲೆ ‘ಲೇಖಿ’, ‘ಲೇಖ’ಗಳ ಹೊರೆ ಏಕೆ? ಯಂತ್ರಕ್ಕೆ ‘ನಡುಕಬರೆಗ’, ಅದರ ಬರಹಕ್ಕೆ ‘ನಡುಕಬರಹ’ ಸಾಕು. ಪಿ, ಎಸ್ ಎಂಬವು ಮೊದಲನೆಯದು, ಎರಡನೆಯದು ಎಂಬರ್ಥದ ಲ್ಯಾಟಿನ್ ಮಾತುಗಳ ಮೊದಲಕ್ಷರಗಳು. ‘ಮೊದಲಲೆ’, ‘ಮರುವಲೆ’ ಎನ್ನಲು ನಮಗೇನು ಅಡ್ಡಿ? ಎರವಲಿನ ಚಟ ಬಿಡಬೇಕು.

ಮುಂಬಯಿಯಿಂದ:

‘ನಡುಕ’ ಚಳಿಗೂ ಅಂಜಿಕೆಗೂ ಸಲ್ಲುವ ಮಾತು. ‘ನೆಲ’ವನ್ನು ಬಿಟ್ಟು ‘ನಡುಕಬರಹ’ ಎಂದರೆ ಯಾವುದರ ಬರಹವೆಂದು ತಿಳಿಯದು. ‘ಭೂಕಂಪ’ವಾದರೋ ಮರಾಠಿಗೂ ನಮಗೂ ಸಮಾನ, ಪುಣೆಯ ಮಕ್ಕಳು ಶಾಲೆಯಲ್ಲಿ ಕಲಿತಿರುವ ಪದ. ಹೊರಗಿನಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ಅದನ್ನು ಕೀಳುವುದು ನನಗೆ ಸಮ್ಮತವಲ್ಲ. ‘ಮರುವಲೆ’ ಕೂಡದು, ಅದು ಮರಳಿ ಬಂದ ಅಲೆಯೆಂಬಂತೆ ಕೇಳುತ್ತದೆ. ‘ಮೊದಲಲೆ’ ಚೆನ್ನಾಗಿದೆ, ಪುಣೆಯವರು ಅದನ್ನು ಫಲಕದಲ್ಲಿ ಪಿ ಅಲೆಯ ಪಕ್ಕದಲ್ಲೇ ಬರೆಯಲಿ.